ಭಾನುವಾರದ ಹರಟೆ: ಪಿಯಾ ಸುಂಧಾಗೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ರಾತ್ರಿ 8ಕ್ಕೆ ನಮ್ಮ ಫುಟ್‌ಬಾಲ್ ಹರಟೆ ಇದೆ. ಈ ಸಲ ಸ್ವೀಡನ್ನಿನ ಪಿಯಾ ಸುಂಧಾಗೆ ಬಗ್ಗೆ ಮಾತಾಡೋಣ.

ಆಟಗಾರ್ತಿಯಾಗಿ ದೇಶಕ್ಕೆ 146 ಪಂದ್ಯ, 71 ಗೋಲು. 1984ರಲ್ಲಿ ಮಹಿಳೆಯರ ಮೊದಲ ಯುರೋಪಿಯನ್ ಕಪ್ಪನ್ನು ಸ್ವೀಡನ್ ಗೆದ್ದಿದ್ದು ಇವರ ಕೊನೆಯ ಪೆನಾಲ್ಟಿಯಿಂದಲೇ. ಆಮೇಲೆ ಕೋಚ್ ಆದರು. ಅಮೆರಿಕ ತಂಡದ ಮೊದಲ ಸಭೆಗೇ ಗಿಟಾರ್ ಹಿಡಿದು ಹೋಗಿ ಹಾಡಿದರಂತೆ! 2008, 2012 ಎರಡೂ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ. ಮಜಾ ಇರುವುದು 2016ರ ರಿಯೋದಲ್ಲಿ. ಅಷ್ಟರಲ್ಲಿ ಸ್ವೀಡನ್ ತಂಡದ ಕೋಚ್ ಆಗಿ ಮರಳಿದ್ದ ಪಿಯಾ, ಅದೇ ಅಮೆರಿಕವನ್ನು ಕ್ವಾರ್ಟರ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಮನೆಗೆ ಕಳಿಸಿದರು. ಸೆಮಿಫೈನಲ್‌ನಲ್ಲಿ ಬ್ರೆಜಿಲ್‌ಗೂ ಅದೇ ಗತಿ. ಸಿಕ್ಕಿದ್ದು ಬೆಳ್ಳಿ. ತೀರಾ ರಕ್ಷಣೆಯ ಆಟ ಅಂತ ಬೈದವರೂ ಇದ್ದರು. ನನಗಂತೂ ಅದು ಜಾಣತನವೇ.

ನಮಗೂ ಒಂದು ನಂಟಿದೆ. 2021ರಲ್ಲಿ ಬ್ರೆಜಿಲ್‌ನ ಮನಾಸ್‌ನಲ್ಲಿ ಭಾರತವನ್ನು 6-1ರಿಂದ ಸೋಲಿಸಿದ ಬ್ರೆಜಿಲ್ ತಂಡದ ಕೋಚ್ ಇವರೇ. ಆ ಒಂದು ಗೋಲು ಮನೀಷಾ ಕಲ್ಯಾಣ್‌ದು. ಅಂದು ನಮ್ಮ ಕೋಚ್ ಥಾಮಸ್ ಡೆನ್ನರ್‌ಬಿ ಕೂಡ ಸ್ವೀಡನ್ನಿನವರೇ, ನೆನಪಿದೆ ಅಲ್ವಾ?

ರಿಯೋ ಪಂದ್ಯದ ತುಣುಕು ನೋಡಿಕೊಂಡು ಬನ್ನಿ. ಸುಮ್ನೆ ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ, ದಯವಿಟ್ಟು.