ಕ್ಯಾನ್ಸರ್ ಮಾತ್ರೆಗೆ ಮೊದಲು ಜೀನ್ ಪರೀಕ್ಷೆ ಸಿಗಲಿ

ಮಾನ್ಯರೇ,

ಶ್ವಾಸಕೋಶದ ಕ್ಯಾನ್ಸರ್‌ಗೆ ಈಗ ಮಾತ್ರೆ ಬಂದಿದೆ, ನುಂಗಿದರೆ ಸಾಕು ಎಂಬ ಮಾತು ನಮ್ಮ ಕೋಲಾರದ ಕಡೆಯೂ ಕೇಳಿಬರುತ್ತಿದೆ. ಅದು ಅರ್ಧ ಮಾತ್ರ ನಿಜ. ಗಡ್ಡೆಯಲ್ಲಿ ಇಜಿಎಫ್‌ಆರ್, ಎಎಲ್‌ಕೆಯಂಥ ಜೀನ್‌ಗಳು ಬದಲಾಗಿದ್ದರೆ ಮಾತ್ರ ಆ ಬದಲಾವಣೆಗೇ ಗುರಿಯಿಟ್ಟ ಈ ಮಾತ್ರೆ ('ಟಾರ್ಗೆಟೆಡ್ ಥೆರಪಿ') ಕೆಲಸ ಮಾಡುತ್ತದೆ. ಅದು ತಿಳಿಯಲು ಪರೀಕ್ಷೆ ಆಗಲೇಬೇಕು.

ಒಂದೇ ಬಗೆಯ ಮಾತ್ರೆ ತಗೊಂಡರೂ ಒಬ್ಬರು ವರ್ಷಗಟ್ಟಲೆ ಚೆನ್ನಾಗಿರುತ್ತಾರೆ, ಇನ್ನೊಬ್ಬರಿಗೆ ಕೆಲವೇ ತಿಂಗಳಲ್ಲಿ ಕಾಯಿಲೆ ಮರಳುತ್ತದೆ. ಇಜಿಎಫ್‌ಆರ್‌ನಲ್ಲೇ 'ಎಕ್ಸಾನ್ 19' ಎಂಬ ತುಣುಕಿನ ಭಾಗ ಬಿಟ್ಟುಹೋದವರಿಗೆ 'ಎಕ್ಸಾನ್ 21' ಎಂಬ ತುಣುಕಿನ ಬದಲಾವಣೆ ಇರುವವರಿಗಿಂತ ಸಾಮಾನ್ಯವಾಗಿ ಜಾಸ್ತಿ ದಿನ ಮಾತ್ರೆಯ ಗುಣ ಸಿಗುತ್ತದೆ. ಗಡ್ಡೆ ಬೆಳೆಯದಂತೆ ತಡೆಯುವ ಟಿಪಿ53 ಜೀನ್ ಕೂಡ ಕೆಟ್ಟಿದ್ದರೆ, ಮಿದುಳಿಗೋ ಲಿವರ್‌ಗೋ ಹರಡಿದ್ದರೆ, ರೋಗಿ ಆಗಲೇ ಹಾಸಿಗೆ ಹಿಡಿದಿದ್ದರೆ ಗುಣ ಕಡಿಮೆ.

ಜೀನ್ ನಮ್ಮ ಕೈಯಲ್ಲಿಲ್ಲ. ತಡ ಮಾಡದಿರುವುದು ಕೈಯಲ್ಲಿದೆ. ಕೆಮ್ಮು, ತೂಕ ಇಳಿತ ಅಂದರೆ ಕಫದಲ್ಲಿ ಏನೂ ಕಾಣದಿದ್ದರೂ ಟಿ.ಬಿ. ಮಾತ್ರೆ ಶುರುವಾಗಿ ತಿಂಗಳುಗಳು ಕಳೆದುಬಿಡುತ್ತವೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಬೀಡಿ ಸಿಗರೇಟು ಮುಟ್ಟದ ಹೆಂಗಸು, ಕ್ಯಾನ್ಸರ್ ಎಂದು ಯಾರಿಗೂ ಹೊಳೆಯಲಿಲ್ಲ. ಇಜಿಎಫ್‌ಆರ್ ಬದಲಾವಣೆ ಜಾಸ್ತಿ ಕಾಣುವುದೇ ಅಂಥವರಲ್ಲಿ!

ಗ್ಯಾಸ್ಟ್ರಿಕ್ ಎಂದು ಸುಮ್ನೆ ನುಂಗುವ ಒಮೆಪ್ರಜೋಲ್ ಕೂಡ ಗೆಫಿಟಿನಿಬ್, ಎರ್ಲೊಟಿನಿಬ್ ಎಂಬ ಈ ಕ್ಯಾನ್ಸರ್ ಮಾತ್ರೆಗಳು ಮೈಗೆ ಹಿಡಿಯುವುದನ್ನು ತಗ್ಗಿಸುತ್ತದೆ. ಇದನ್ನು ರೋಗಿಯ ಮನೆಯವರಿಗೆ ಮೊದಲೇ ಬಿಡಿಸಿ ಹೇಳಬೇಕು ಅಲ್ವಾ?

ಪರೀಕ್ಷೆಗೆ ಬೇಕಾದ ಗಡ್ಡೆಯ ಚೂರನ್ನು (ಬಯಾಪ್ಸಿ) ಜಿಲ್ಲಾಸ್ಪತ್ರೆಯಲ್ಲೇ ತೆಗೆದು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಕಳಿಸಿ, ವರದಿ ಇಲ್ಲೇ ಕೈಗೆ ಸಿಗುವಂತೆ ಆರೋಗ್ಯ ಇಲಾಖೆ ಏರ್ಪಾಡು ಮಾಡಲಿ. ಪರೀಕ್ಷೆಯ ಖರ್ಚು ಬಡವರ ಮೇಲೆ ಬೀಳದಿರಲಿ.

— ಓರ್ವ ಓದುಗ, ಮುಳಬಾಗಿಲು