ವಡೆ ಇನ್ನು ಎರಡೇ ಹೊತ್ತು: ಗ್ರಾಹಕರಿಗೊಂದು ಪತ್ರ

ಮಾನ್ಯ ಗ್ರಾಹಕರೇ,

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮಲ್ಲಿ ಮದ್ದೂರು ವಡೆ ದಿನವಿಡೀ ಸಿಗುವುದಿಲ್ಲ. ಬೆಳಿಗ್ಗೆ 7ರಿಂದ 10:30, ಸಂಜೆ 4ರಿಂದ 7, ಈ ಎರಡು ಹೊತ್ತು ಮಾತ್ರ ಬಾಣಲೆ ಒಲೆಯ ಮೇಲಿರುತ್ತದೆ. ಇಡ್ಲಿ, ದೋಸೆ, ಕಾಫಿ ಎಂದಿನಂತೆ ರಾತ್ರಿ 9ರವರೆಗೆ ಇದ್ದೇ ಇರುತ್ತವೆ.

ಚನ್ನಪಟ್ಟಣದ ಈ ಹಳೇ ರಸ್ತೆಯ ಹೋಟೆಲುಗಳೆಲ್ಲ ನಡೆದದ್ದು ಬೆಂಗಳೂರು–ಮೈಸೂರು ಬಸ್ಸು ಕಾರುಗಳನ್ನು ನಂಬಿ. ಬಸ್ಸು ನಿಲ್ಲುವುದು ಹತ್ತು ನಿಮಿಷ. ಅಷ್ಟರಲ್ಲಿ ಕೈಗೆ ಬರಬೇಕು, ತಿಂದು ಮುಗಿಯಬೇಕು, ಉಳಿದದ್ದು ಕಾಗದದಲ್ಲಿ ಸುತ್ತಿಕೊಂಡು ಸೀಟಿಗೆ ಹೋಗುವಂತಿರಬೇಕು. ಮದ್ದೂರು ವಡೆ ಹುಟ್ಟಿದ್ದೇ ಇಂಥ ಅವಸರದಲ್ಲಿ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ರೈಲು ಬಂದೇಬಿಟ್ಟಿತೆಂದು ಹಿಟ್ಟನ್ನು ತಟ್ಟಿ ತೆಳ್ಳಗೆ ಮಾಡಿ ಕರಿದುಕೊಟ್ಟರು ಎಂಬುದು ಈ ಭಾಗದವರೆಲ್ಲ ಹೇಳುವ ಮಾತು. ತೆಳ್ಳಗಿದ್ದರೆ ಬೇಗ ಬೇಯುತ್ತದೆ, ಅಷ್ಟೇ ಲೆಕ್ಕಾಚಾರ.

ರಾಮನಗರ–ಚನ್ನಪಟ್ಟಣ ಬೈಪಾಸ್ ತೆರೆದ ಮೇಲೆ ಕಾರುಗಳೂ ತಡೆರಹಿತ ಬಸ್ಸುಗಳೂ ಊರ ಹೊರಗಿನಿಂದಲೇ ಹೋಗುತ್ತವೆ. ಬೊಂಬೆ ಅಂಗಡಿಗಳಿಗೂ ನಮಗೂ ಒಂದೇ ಪಾಡು. ಆದರೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ (ಬೈಪಾಸ್ ಅದರದ್ದೇ ಭಾಗ) ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ, ಅವೆಲ್ಲ ನಮ್ಮ ಮುಂದೆಯೇ ಹಾದುಹೋಗಬೇಕು. ಹಾಗಾಗಿ ಬೆಳಿಗ್ಗೆ, ಸಂಜೆ ಕೂರಲು ಜಾಗವಿರುವುದಿಲ್ಲ. ನಡುಹಗಲು ಗಂಟೆಗೆ ನಾಲ್ಕಾರು ವಡೆ ಹೋದರೆ ಹೆಚ್ಚು.

ನಾಲ್ಕಾರು ವಡೆಗೋಸ್ಕರ ಬಾಣಲೆ ಕಾಯಿಸಿಟ್ಟರೆ ಏನಾಗುತ್ತದೆ ಎಂಬುದೇ ಇಲ್ಲಿನ ವಿಷಯ. ನಮ್ಮ ಒಂದು ಹದಕ್ಕೆ, ಅಂದರೆ ಒಂದು ಸಲ ಕಲಸುವ ಹಿಟ್ಟಿಗೆ, ಚಿರೋಟಿ ರವೆ 2 ಕಿಲೋ, ಅಕ್ಕಿ ಹಿಟ್ಟು 2 ಕಿಲೋ, ಮೈದಾ 1 ಕಿಲೋ, ಉದ್ದುದ್ದ ಹೆಚ್ಚಿದ ಈರುಳ್ಳಿ 3 ಕಿಲೋ. ಹಸಿಮೆಣಸು, ಕರಿಬೇವು, ಕೊತ್ತಂಬರಿ, ಉಪ್ಪು ಸೇರಿಸಿ ಈರುಳ್ಳಿಯನ್ನು ಮೊದಲು ಚೆನ್ನಾಗಿ ಹಿಸುಕಬೇಕು. ಹಿಟ್ಟಿಗೆ ಅರ್ಧ ಲೀಟರಿಗೂ ತುಸು ಹೆಚ್ಚು ಕಾದ ಎಣ್ಣೆ ಹಾಕಿ ಬೆರಳಲ್ಲಿ ಉಜ್ಜಬೇಕು, ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲಬೇಕು, ಮುಟ್ಟಿದರೆ ಪುಡಿಯಾಗಬೇಕು. ಆಮೇಲೆ ಎರಡನ್ನೂ ಕಲಸಿ, ಬೇಕಾದಷ್ಟೇ ನೀರು ಚಿಮುಕಿಸುವುದು. ಹೆಚ್ಚಿನ ತೇವವೆಲ್ಲ ಈರುಳ್ಳಿಯದ್ದೇ ಆಗಿರಬೇಕು. ಇದರಲ್ಲಿ 130ರ ಆಸುಪಾಸು ವಡೆ ಬರುತ್ತವೆ.

ಈ ಹಿಟ್ಟು ಕಾಯುವುದಿಲ್ಲ. ಉಪ್ಪು ಈರುಳ್ಳಿಯಿಂದ ನೀರು ಎಳೆಯುತ್ತಲೇ ಇರುತ್ತದೆ, ಮುಕ್ಕಾಲು ಗಂಟೆಯಲ್ಲಿ ಹದ ಸಡಿಲ. ಬಾಳೆಲೆಯ ಮೇಲೆ ತಟ್ಟಿದರೆ ಎಬ್ಬಿಸಲು ಬರುವುದಿಲ್ಲ, ಎಬ್ಬಿಸಿ ಕರಿದರೂ ಎಣ್ಣೆ ಕುಡಿದು ನಡುವೆ ಮೆತ್ತಗಾಗುತ್ತದೆ. ಅದಕ್ಕೆ ಒಣ ಹಿಟ್ಟು ಸೇರಿಸುವವರಿದ್ದಾರೆ. ಆ ವಡೆ ಗಟ್ಟಿ, ಹಲ್ಲಿಗೆ ಕೆಲಸ. ಫ್ರಿಜ್‌ನಲ್ಲಿಟ್ಟರೆ ಹಿಟ್ಟು ಬಿರುಸಾಗಿ ಅಂಚು ಒಡೆಯುತ್ತದೆ.

ಎಣ್ಣೆಯದ್ದು ಇನ್ನೊಂದು ಕಥೆ. ವಡೆಗೆ ಬೇಕಾದದ್ದು ಮಧ್ಯಮ ಕಾವು, ಚಿಟಿಕೆ ಹಿಟ್ಟು ಹಾಕಿದರೆ ತಳಕ್ಕೆ ಹೋಗಿ ನಿಧಾನ ಮೇಲೇಳಬೇಕು. ಮಗುಚುತ್ತ ಆರೇಳು ನಿಮಿಷ. ಹೊಗೆಯಾಡುವ ಎಣ್ಣೆಯಲ್ಲಿ ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಗಿರಾಕಿಯಿಲ್ಲದ ಹೊತ್ತಲ್ಲಿ ಉರಿ ತಗ್ಗಿಸುವುದು, ಬಂದಾಗ ಏರಿಸುವುದು ಮಾಡಿದರೆ ತಳದಲ್ಲಿ ಕೂತ ಈರುಳ್ಳಿ ಚೂರು ಕರಕಲಾಗಿ ಕಹಿ ಬಿಡುತ್ತದೆ, ಎಣ್ಣೆ ನೊರೆ ಕಟ್ಟುತ್ತದೆ. ಎಣ್ಣೆಯಲ್ಲಿ ಒಟ್ಟು ಪೋಲಾರ್ ಅಂಶ (ಮತ್ತೆಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶ) ಶೇ 25 ದಾಟಿದರೆ ಬಳಸುವಂತಿಲ್ಲ ಎಂಬುದು 2018ರಿಂದ ಜಾರಿಯಲ್ಲಿರುವ ಆಹಾರ ಸುರಕ್ಷತಾ ನಿಯಮ. ಎರಡು ಹೊತ್ತು ಮಾತ್ರ ಕರಿದು, ಆರಿಸಿ, ಬಟ್ಟೆಯಲ್ಲಿ ಸೋಸಿದರೆ ಆ ಮಟ್ಟಕ್ಕೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಬೆಳಿಗ್ಗೆ ಕರಿದದ್ದನ್ನು ಮಧ್ಯಾಹ್ನ ಮತ್ತೆ ಎಣ್ಣೆಗೆ ಬಿಟ್ಟು ‘ಬಿಸಿಬಿಸಿ’ ಎಂದು ಕೊಡುವ ದಾರಿಯೂ ಇದೆ. ಅದು ನಮಗೆ ಬೇಡ.

ಉಳಿದದ್ದೇನೂ ಬದಲಾಗುವುದಿಲ್ಲ. ಅಮೃತಶಿಲೆಯ ಮೇಜು, ಮರದ ಕುರ್ಚಿ, ಗಾಜಿನ ತಿಂಡಿ ಬೀರು, ಸೀಮೆಸುಣ್ಣದಲ್ಲಿ ಬರೆಯುವ ಇಂದಿನ ವಿಶೇಷದ ಹಲಗೆ, ಸ್ಟೀಲ್ ಲೋಟ ಬಟ್ಟಲಿನ ಕಾಫಿ, ಬೈಟು ಕೂಡ. ‘ಹಳೇ ಕಾಲದ ನೋಟ’ಕ್ಕೆಂದು ಹೊಸದಾಗಿ ಏನನ್ನೂ ತಂದಿಟ್ಟಿಲ್ಲ. ಮೇಜಿನ ಕಲ್ಲು ಒರೆಸಿದರೆ ಕೊಳೆ ಹೋಗುತ್ತದೆ, ಸ್ಟೀಲ್ ಒಡೆಯುವುದಿಲ್ಲ. ತೆಗೆಯಲು ಕಾರಣ ಸಿಕ್ಕಿಲ್ಲ.

ಪಾರ್ಸೆಲ್ ಒಯ್ಯುವವರು ಹದಿನೈದು ನಿಮಿಷ ಕಾಯಬೇಕಾಗಬಹುದು. ಬಿಸಿ ವಡೆಯನ್ನು ಡಬ್ಬಿಯಲ್ಲಿ ಮುಚ್ಚಿದರೆ ಹಬೆಗೇ ಮೆತ್ತಗಾಗುತ್ತದೆ, ಆದ್ದರಿಂದ ಬಿದಿರಿನ ತಟ್ಟೆಯಲ್ಲಿ ಆರಿಸಿ ಕಾಗದದಲ್ಲಿ ಕಟ್ಟುತ್ತೇವೆ. ಮರುದಿನ ಸಂಜೆಯೊಳಗೆ ಮುಗಿಸಿ. ಬೆಚ್ಚಗೆ ಮಾಡಲು ಒಣ ಕಾವಲಿ, ಸಣ್ಣ ಉರಿ, ಒಂದೊಂದು ಮಗ್ಗುಲಿಗೆ ಎರಡು ನಿಮಿಷ. ಮೈಕ್ರೋವೇವ್ ಮಾತ್ರ ಬೇಡ, ಜಗಿಯಲಾಗದಂತೆ ನಾರಾಗುತ್ತದೆ. ಕಾಯಿ ಚಟ್ನಿ ಬೇಸಿಗೆಯಲ್ಲಿ ಬೇಗ ಹುಳಿಯುವುದರಿಂದ ದೂರ ಹೋಗುವವರಿಗೆ ಕಟ್ಟಿಕೊಡುವುದಿಲ್ಲ.

ಬೆಂಗಳೂರಿನಿಂದ ಕಾರಲ್ಲಿ ಬರುವವರು ಬಿಡದಿ ದಾಟಿ, ರಾಮನಗರದ ಬೈಪಾಸ್ ಶುರುವಾಗುವ ಮೊದಲೇ ಹಳೇ ರಸ್ತೆಗೆ ಇಳಿಯಿರಿ. ಬೈಪಾಸ್ ಹತ್ತಿದ ಮೇಲೆ ಸುಮಾರು 22 ಕಿ.ಮೀ. ನಮ್ಮನ್ನು ಬಿಟ್ಟೇ ಹೋಗುತ್ತದೆ. 50ಕ್ಕಿಂತ ಹೆಚ್ಚು ವಡೆ ಬೇಕಿದ್ದರೆ ಹಿಂದಿನ ದಿನ ಸಂಜೆಯೊಳಗೆ ತಿಳಿಸಿ. ಮುಂಗಡ ಹೇಳಿದವರಿಗೆ ಮಧ್ಯಾಹ್ನವಾದರೂ ಪ್ರತ್ಯೇಕ ಹದ ಕಲಸುತ್ತೇವೆ. ದರದಲ್ಲಿ ಬದಲಾವಣೆ ಇಲ್ಲ.

ಇಂತಿ,
ಹೋಟೆಲಿನ ಪಾಲುದಾರರು ಮತ್ತು ಅಡುಗೆ ಮನೆಯವರು