ಶಿಬಿರ ಮುಗಿಯಿತು, ಬಿಪಿ ಹಾಗೇ ಉಂಟು

ಮಾನ್ಯ ಸಂಪಾದಕರೇ,

ಸೋಮವಾರ ಬಂತೆಂದರೆ ನಿಮ್ಮ ಪತ್ರಿಕೆಯ ಉಡುಪಿ ಪುಟದಲ್ಲಿ ಒಂದಾದರೂ ಉಚಿತ ಆರೋಗ್ಯ ತಪಾಸಣಾ ಶಿಬಿರದ ಫೋಟೋ ಇರುತ್ತದೆ. ದೀಪ ಹಚ್ಚುವ ಗಣ್ಯರು, ಹಿಂದೆ ಬ್ಯಾನರ್, ಕೆಳಗೆ ಇಷ್ಟು ಮಂದಿ ಪ್ರಯೋಜನ ಪಡೆದರು ಎಂಬ ಒಂದು ಸಾಲು. ನಾನು ಕಟಪಾಡಿ ಕಡೆ ಸಣ್ಣ ಮೆಡಿಕಲ್ ಅಂಗಡಿ ಇಟ್ಟುಕೊಂಡವನು. ಹಾಗೆ ಪ್ರಯೋಜನ ಪಡೆದವರಲ್ಲಿ ಕೆಲವರು ಸೋಮವಾರ ಬೆಳಿಗ್ಗೆ ನನ್ನ ಅಂಗಡಿಗೆ ಬರುತ್ತಾರೆ. ಕೈಯಲ್ಲಿ ಒಂದು ಚೀಟಿ. ಬಿಪಿ 170/100 ಎಂದು ಬರೆದಿರುತ್ತದೆ, ಅದರಡಿ 'ವೈದ್ಯರನ್ನು ಕಾಣಿರಿ' ಎಂದು. ಯಾವ ವೈದ್ಯರನ್ನು, ಎಲ್ಲಿ, ಯಾವಾಗ? ಅದು ಇರುವುದಿಲ್ಲ.

"ಇದಕ್ಕೆ ಎಂತ ಮಾತ್ರೆ ಉಂಟು, ಒಂದು ಹತ್ತು ಕೊಡಿ ಮಾರಾಯ್ರೆ" ಅನ್ನುತ್ತಾರೆ. ಡಾಕ್ಟ್ರು ಬರೆಯದೆ ಬಿಪಿ ಮಾತ್ರೆ ಕೊಡುವ ಹಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿ ಧರ್ಮಕ್ಕೆ ಸಿಗುತ್ತದೆ ಎಂದು ಕಳಿಸುತ್ತೇನೆ. ಕೆಲವರು ಹೋಗುತ್ತಾರೆ. ಕೆಲವರು ಸೀದಾ ಮಣಿಪಾಲದ ಬಸ್ಸು ಹತ್ತಿ ಹೃದಯದ ಸ್ಪೆಷಲಿಸ್ಟ್ ಹತ್ತಿರ ಕೂರುತ್ತಾರೆ. ಜಾಸ್ತಿ ಜನ ಸುಮ್ನೆ ಮನೆಗೆ ಹೋಗುತ್ತಾರೆ. ಅವರಿಗೆ ಎಲ್ಲೂ ನೋವಿಲ್ಲ, ಊಟ ನಿದ್ದೆ ಸರಿ ಇದೆ. ಮತ್ತೆ ಎಂತಕ್ಕೆ ಡಾಕ್ಟ್ರು, ಅಲ್ವಾ?

ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಆಸ್ಪತ್ರೆಗೇನೂ ಬರ ಇಲ್ಲ. ಮಂಗಳೂರಿನ ವೆನ್ಲಾಕ್ 1848ರದ್ದು. ಮಣಿಪಾಲದ ಕೆಎಂಸಿ 1953ರಲ್ಲಿ ಶುರುವಾಯಿತು. ಈಗ ಮಂಗಳೂರಿನ ಸುತ್ತಲಿನ ಮೆಡಿಕಲ್ ಕಾಲೇಜು ಎಣಿಸಲು ಒಂದು ಕೈಯ ಬೆರಳು ಸಾಲದು. ಕಾಸರಗೋಡು, ಶಿವಮೊಗ್ಗದಿಂದಲೂ ಜನ ಇಲ್ಲಿಗೆ ಬರುತ್ತಾರೆ. ಇಷ್ಟೆಲ್ಲ ಇದ್ದೂ ಬಿಪಿ, ಶುಗರ್‌ನಂಥ ದಿನನಿತ್ಯದ ಕಾಯಿಲೆಯನ್ನು ಹಿಡಿತದಲ್ಲಿ ಇಡುವುದು ನಮಗೆ ಆಗುತ್ತಿಲ್ಲ ಎಂಬುದು ಕೌಂಟರಿನ ಹಿಂದೆ ನಿಂತವನಿಗೆ ಚೆನ್ನಾಗಿ ಕಾಣುತ್ತದೆ.

ಒಬ್ಬರು ಅಕ್ಕನ ವಿಷಯ ಹೇಳುತ್ತೇನೆ. ಬೀಡಿ ಕಟ್ಟುವವರು, ಐವತ್ತೈದು ದಾಟಿದ ಪ್ರಾಯ. ಬಿಪಿಗೆಂದು ಒಂದು ಕಡೆ ಆಮ್ಲೋಡಿಪಿನ್ ಬರೆದರು. ಮಗಳ ಮನೆಗೆ ಹೋಗಿದ್ದಾಗ ಅಲ್ಲಿಯ ಡಾಕ್ಟ್ರು ಬೇರೆ ಕಂಪನಿಯ ಹೆಸರಿನಲ್ಲಿ ಅದೇ ಆಮ್ಲೋಡಿಪಿನ್ ಬರೆದರು. ಹಳೆಯದನ್ನು ನಿಲ್ಲಿಸಿ ಎಂದು ಅವರು ಹೇಳಲಿಲ್ಲ, ಹಳೆಯದು ಇದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಅಕ್ಕ ಎರಡನ್ನೂ ನುಂಗಿದರು. ಪಾದ ಬಾತುಕೊಂಡಿತು. ಈ ಮಾತ್ರೆಯಿಂದ ಕೆಲವರಿಗೆ ಪಾದ ಬಾತುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಡೋಸ್ ಏರಿದರೆ ಅದೂ ಏರುತ್ತದೆ. ಬಾವು ತೋರಿಸಲು ಮೂರನೆಯವರ ಹತ್ತಿರ ಹೋದರು. ಅವರು ನೀರು ಇಳಿಸುವ ಮಾತ್ರೆ ಕೊಟ್ಟರು. ಈಗ ರಾತ್ರಿ ಪದೇ ಪದೇ ಎದ್ದು ಹೋಗಬೇಕು, ಎದ್ದರೆ ತಲೆ ತಿರುಗುತ್ತದೆ. "ಒಂದು ನಿದ್ದೆ ಮಾತ್ರೆ ಉಂಟಾ ಅಣ್ಣ" ಎಂದು ನನ್ನ ಅಂಗಡಿಗೆ ಬಂದರು.

ಮನೆಯಲ್ಲಿರುವ ಮದ್ದೆಲ್ಲ ತನ್ನಿ ಎಂದೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ತಂದು ಕೌಂಟರ್ ಮೇಲೆ ಸುರಿದರು. ಅದನ್ನು ಹಾಗೇ ಕಟ್ಟಿ, ಯಾವುದು ಯಾವುದು ಒಂದೇ ಎಂದು ಹಾಳೆಯಲ್ಲಿ ಬರೆದು, ಆರೋಗ್ಯ ಕೇಂದ್ರದ ಡಾಕ್ಟ್ರ ಹತ್ತಿರ ಕಳಿಸಿದೆ. ಅವರು ಒಂದನ್ನು ನಿಲ್ಲಿಸಿದರು, ಬಾವು ಇಳಿಯಿತು, ನೀರಿನ ಮಾತ್ರೆಯೂ ನಿಂತಿತು. ಆ ಮೂವರು ಡಾಕ್ಟ್ರಲ್ಲಿ ಯಾರನ್ನೂ ದೂರುವ ಹಾಗಿಲ್ಲ, ಎದುರಿಗೆ ಕಂಡದ್ದಕ್ಕೆ ಮದ್ದು ಬರೆದಿದ್ದಾರೆ. ಪೂರ್ತಿ ಕಥೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ, ಅಷ್ಟೇ. ಅಕ್ಕನ ಪರ್ಸಿನಲ್ಲಿ ಲ್ಯಾಮಿನೇಟ್ ಮಾಡಿಸಿದ 14 ಅಂಕಿಯ ಆಭಾ ಕಾರ್ಡ್ ಇತ್ತು, ಒಬ್ಬರ ಆರೋಗ್ಯದ ದಾಖಲೆಯೆಲ್ಲ ಒಂದೇ ನಂಬರಿನಲ್ಲಿ ಸಿಗಲಿ ಎಂದು ಸರ್ಕಾರ ಮಾಡಿದ ಕಾರ್ಡ್. ಅದನ್ನು ಮೂವರಲ್ಲಿ ಯಾರೂ ಕೇಳಿರಲಿಲ್ಲ.

ಬೆನ್ನು ಬಿಡದೆ ನೋಡಿಕೊಳ್ಳುವುದು ನಮ್ಮ ಆರೋಗ್ಯ ಇಲಾಖೆಗೆ ಗೊತ್ತಿಲ್ಲದ ಕೆಲಸ ಅಲ್ಲ. ಬಸುರಿಗೆ ತಾಯಿ ಕಾರ್ಡ್ ಕೊಡುತ್ತಾರೆ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ಕೇಳುತ್ತಾರೆ. ಚೆಕಪ್ ತಪ್ಪಿದರೆ ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ. ಕ್ಷಯದ ಮಾತ್ರೆ ಶುರುವಾದರೆ ಮುಗಿಯುವ ತನಕ ಬಿಡುವುದಿಲ್ಲ. ಮಂಗಳೂರಿನ ಮಲೇರಿಯಾವನ್ನೇ ನೋಡಿ. 1990ರ ದಶಕದಿಂದ ಊರನ್ನು ಕಾಡಿದ ರೋಗ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಜ್ವರ ಬಿಟ್ಟ ಮೇಲೂ ಲಿವರಿನಲ್ಲಿ ಅಡಗಿ ಕೂರುತ್ತದೆ, ಅದಕ್ಕೆ ಪ್ರೈಮಾಕ್ವಿನ್ 14 ದಿನ ತಪ್ಪದೆ ನುಂಗಬೇಕು. 2015ರಲ್ಲಿ ಮಲೇರಿಯಾ ಕಾರ್ಯಕರ್ತರ ಕೈಗೆ ಟ್ಯಾಬ್ (ಕೈಯಲ್ಲಿ ಹಿಡಿಯುವ ಕಂಪ್ಯೂಟರ್) ಬಂತು. ಪಾಸಿಟಿವ್ ಆದವರ ಮನೆ ಹುಡುಕಿ ಹೋದರು, ಸುತ್ತ ನೀರು ನಿಂತ ಜಾಗ ನೋಡಿದರು, ಮದ್ದು ಮುಗಿಸಿದಿರಾ ಎಂದು ಕೇಳಿದರು. ಪ್ರಕರಣಗಳು ಇಳಿದವು. ಬಿಪಿ, ಶುಗರ್‌ಗೆ ಒಂದು ವ್ಯತ್ಯಾಸ ಉಂಟು, ಒಪ್ಪುತ್ತೇನೆ. ಅಲ್ಲಿ 14 ದಿನಕ್ಕೆ ಕೆಲಸ ಮುಗಿಯುತ್ತದೆ, ಇಲ್ಲಿ ಬದುಕಿರುವ ತನಕ.

ಅದಕ್ಕೂ ದಾರಿ ಇದೆ. 2017ರಲ್ಲಿ ಬಿಪಿ ಹತೋಟಿಯ ಒಂದು ಕಾರ್ಯಕ್ರಮ ದೇಶದ ಐದು ರಾಜ್ಯಗಳಲ್ಲಿ ಶುರುವಾಯಿತು, ಪಕ್ಕದ ಕೇರಳ ಅದರಲ್ಲಿ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಕೇಂದ್ರ ಆರೋಗ್ಯ ಸಚಿವಾಲಯ, ವಿಶ್ವ ಆರೋಗ್ಯ ಸಂಸ್ಥೆ ಸೇರಿ ಮಾಡಿದ್ದು. ಅದರಲ್ಲಿ ದೊಡ್ಡ ಯಂತ್ರವೂ ಇಲ್ಲ, ಹೊಸ ಕಟ್ಟಡವೂ ಇಲ್ಲ. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್ತಲಿಡೋನ್ ಹೀಗೆ ಕೆಲವೇ ಮಾತ್ರೆ. ಯಾವುದು ಮೊದಲು, ಕಡಿಮೆ ಆಗದಿದ್ದರೆ ಮುಂದೆ ಯಾವುದು ಎಂದು ಎಲ್ಲಾ ಕೇಂದ್ರಗಳಿಗೂ ಒಂದೇ ಪಟ್ಟಿ. ಮದ್ದಿನ ಸ್ಟಾಕ್ ಖಾಲಿ ಆಗದ ಹಾಗೆ ಲೆಕ್ಕ. ನರ್ಸ್ ಕೂಡ ಬಿಪಿ ನೋಡುತ್ತಾರೆ, ಮನೆ ಹತ್ತಿರದಲ್ಲೇ ಮದ್ದು ಸಿಗುತ್ತದೆ. ಬಾರದವರನ್ನು ಹುಡುಕಿ ಕರೆಯುತ್ತಾರೆ. ಕೊನೆಯದು ನನಗೆ ಎಲ್ಲಕ್ಕಿಂತ ಹಿಡಿಸಿತು. ಹೆಸರು ಬರೆಸಿದವರಲ್ಲಿ ಎಷ್ಟು ಮಂದಿಯ ಬಿಪಿ 140/90ಕ್ಕಿಂತ ಕೆಳಗೆ ಬಂತು ಎಂದು ಕೇಂದ್ರಗಳು ಲೆಕ್ಕ ಇಡುತ್ತವೆ.

ನಮ್ಮಲ್ಲಿ ಕಾಣುವುದು ಪರೀಕ್ಷೆ ಮಾಡಿದವರ ಲೆಕ್ಕ. ಮನೆ ಬಾಗಿಲಲ್ಲೇ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು, ಒಳ್ಳೆಯದೇ. ಉಪಕೇಂದ್ರಗಳಿಗೆ 2018ರಿಂದ ಆರೋಗ್ಯ ಕ್ಷೇಮ ಕೇಂದ್ರ ಎಂಬ ಹೆಸರು ಬಂತು, 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂದಾಯಿತು. ಬೋರ್ಡ್ ಬರೆಯುವವರಿಗೆ ಕೆಲಸ ಸಿಕ್ಕಿತು. ಆದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರು ಆರು ತಿಂಗಳ ಮೇಲೆ ಎಲ್ಲಿದ್ದಾರೆ ಎಂಬ ಲೆಕ್ಕವನ್ನು ಆ ಬೋರ್ಡಿನ ಪಕ್ಕ ನಾನು ಎಲ್ಲೂ ನೋಡಿಲ್ಲ.

ಮಾತ್ರೆ ಬಿಟ್ಟವರು ಕೆಲವು ವರ್ಷದ ಮೇಲೆ ಪಾರ್ಶ್ವವಾಯು ಆಗಿ ಆಂಬುಲೆನ್ಸಿನಲ್ಲಿ ಹೋಗುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಸರ್ಕಾರದ ಯೋಜನೆಯಲ್ಲಿ ಚಿಕಿತ್ಸೆ ಇದೆ. ಇಲ್ಲದವರು ಸೊಸೈಟಿಯಲ್ಲಿ ಚಿನ್ನ ಅಡವು ಇಡುತ್ತಾರೆ. ಕೈಕಾಲು ಬಿದ್ದ ಮೇಲೆ ಲಕ್ಷ ಕೊಡಲು ತಯಾರಿರುವ ಸರ್ಕಾರ, ಅದಕ್ಕೂ ಮೊದಲು ತಿಂಗಳಿಗೊಂದು ಫೋನ್ ಮಾಡಿಸಬಹುದು.

ಫೋನ್ ಮಾಡುವವರು ಯಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಂದು ವರ್ಷದ ಕಡ್ಡಾಯ ಸೇವೆಗೆ ಬಂದ ಚಿಕ್ಕ ಪ್ರಾಯದ ಡಾಕ್ಟ್ರು, ಊರಿನವರ ಪರಿಚಯ ಆಗುವಷ್ಟರಲ್ಲಿ ಪಿಜಿ ಓದಲು ಹೋಗಿಬಿಡುತ್ತಾರೆ. ಸಾವಿರ ಜನರಿಗೆ ಒಬ್ಬರಂತೆ ಇರುವ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂರಬೇಕಾಯಿತು. ಇವರನ್ನು ಒಂದೇ ಊರಿನಲ್ಲಿ ನೆಮ್ಮದಿಯಾಗಿ ಉಳಿಸಿಕೊಳ್ಳುವುದೂ ಚಿಕಿತ್ಸೆಯ ಭಾಗವೇ. ನಾರ್ವೆಯಲ್ಲಿ ಪ್ರತಿಯೊಬ್ಬರಿಗೂ ಗೊತ್ತುಮಾಡಿದ ಒಬ್ಬ ಸಾಮಾನ್ಯ ಡಾಕ್ಟ್ರು ಇರುತ್ತಾರಂತೆ. ಅಲ್ಲಿಯ ಸುಮಾರು 45 ಲಕ್ಷ ಜನರ ದಾಖಲೆ ನೋಡಿದ ಒಂದು ಅಧ್ಯಯನ 2022ರಲ್ಲಿ ಬಂತು. ಒಬ್ಬರೇ ಡಾಕ್ಟ್ರ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ಇದ್ದವರಲ್ಲಿ, ಒಂದೇ ವರ್ಷ ಇದ್ದವರಿಗೆ ಹೋಲಿಸಿದರೆ, ಸಾವು ಕಾಲು ಪಾಲು ಕಡಿಮೆ ಕಂಡಿತು. ತುರ್ತಾಗಿ ಆಸ್ಪತ್ರೆ ಸೇರುವುದೂ ಕಡಿಮೆ ಇತ್ತು. ನಮ್ಮ ಪೇಟೆಗಳಲ್ಲೂ ಮೂರು ತಲೆಮಾರಿನ ಕಾಯಿಲೆ ಬಾಯಿಪಾಠ ಇದ್ದ ಡಾಕ್ಟ್ರು ಇದ್ದರು. ಅವರ ಮಕ್ಕಳು ಈಗ ಸ್ಪೆಷಲಿಸ್ಟ್‌ಗಳು.

ಹಾಗಾಗಿ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ ಇದು. ಪ್ರತಿ ಆರೋಗ್ಯ ಕೇಂದ್ರದ ಎದುರು ಮೂರು ತಿಂಗಳಿಗೊಮ್ಮೆ ಎರಡು ಅಂಕಿ ಬರೆಸಿ. ಬಿಪಿ, ಶುಗರ್‌ಗೆ ಹೆಸರು ಬರೆಸಿದವರು ಎಷ್ಟು, ಹಿಡಿತಕ್ಕೆ ಬಂದವರು ಎಷ್ಟು. ತಾಯಿ ಕಾರ್ಡಿನ ಹಾಗೆ ಒಂದು ಪುಸ್ತಕ ಕೊಡಿ, ಖಾಸಗಿ ಡಾಕ್ಟ್ರೂ ಅದರಲ್ಲೇ ಬರೆಯಲಿ, ಕಂಪನಿಯ ಹೆಸರಿನ ಜೊತೆ ಮದ್ದಿನ ಹೆಸರೂ ಇರಲಿ. ಶಿಬಿರಕ್ಕೆ ಅನುಮತಿ ಕೊಡುವಾಗ, ಬಿಪಿ ಜಾಸ್ತಿ ಇದ್ದವರ ಪಟ್ಟಿ ಮರುದಿನವೇ ಹತ್ತಿರದ ಕೇಂದ್ರಕ್ಕೆ ತಲುಪಬೇಕು ಎಂದು ಷರತ್ತು ಹಾಕಿ. ಕೇಂದ್ರದಲ್ಲಿ ತಿಂಗಳ ಮಾತ್ರೆ ಸರಿಯಾಗಿ ಸಿಕ್ಕಿದರೆ ನನ್ನ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ, ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಕೆಮ್ಮು, ಶೀತ ಹೇಗೂ ಇದೆಯಲ್ಲ.

ಇನ್ನೊಂದು ವಿಷಯ ಮಲ್ಪೆಯದ್ದು. ಆಳಸಮುದ್ರಕ್ಕೆ ಹೋಗುವ ಬೋಟಿನವರು ಹತ್ತು ದಿನಕ್ಕೆ ಬೇಕಾದ ಐಸ್, ಡೀಸೆಲ್, ಅಕ್ಕಿ ಎಲ್ಲಾ ಲೆಕ್ಕ ಹಾಕಿ ತುಂಬಿಸುತ್ತಾರೆ. ಬಿಪಿ ಮಾತ್ರೆ ಆ ಪಟ್ಟಿಯಲ್ಲಿ ಇರುವುದಿಲ್ಲ. ನನ್ನ ಹತ್ತಿರ ಕೇಳುವುದು ಮೈಕೈ ನೋವಿನ ಮಾತ್ರೆ. ಅದನ್ನು ದಿನಾ ನುಂಗಿದರೆ ಬಿಪಿ ಏರುತ್ತದೆ, ಕಿಡ್ನಿಗೂ ಪೆಟ್ಟು. ಮೇಲಿಂದ ಗಂಜಿಗೆ ಒಣಮೀನು, ಉಪ್ಪಿನಕಾಯಿ. ದಿನಕ್ಕೆ 5 ಗ್ರಾಮ್‌ಗಿಂತ ಕಡಿಮೆ ಉಪ್ಪು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೋಟಿನಲ್ಲಿ ಅದನ್ನು ಹೇಳಿದರೆ ನಗುತ್ತಾರೆ. ಹಗಲಿನ ಒಪಿಡಿ ಹೊತ್ತಿಗೆ ಇವರು ಊರಲ್ಲಿರುವುದೇ ಅಪರೂಪ. ಜೂನ್ 1ರಿಂದ ಜುಲೈ 31ರ ತನಕ, ಮೀನುಗಾರಿಕೆ ನಿಷೇಧದ 61 ದಿನ ಮಾತ್ರ ಸ್ಥಳೀಯರು ಮನೆಯಲ್ಲಿ ಸಿಗುತ್ತಾರೆ. ಆ ಹೊತ್ತಿಗೆ ಆರೋಗ್ಯ ಸಿಬ್ಬಂದಿ ಡೆಂಗಿ, ಇಲಿ ಜ್ವರದ ಹಿಂದೆ ಓಡುತ್ತಿರುತ್ತಾರೆ, ಅದೂ ನಿಜ. ಆದರೂ ಜುಲೈ ಕೊನೆಯ ವಾರ ಬಂದರಿನಲ್ಲಿ ಸಂಜೆ ಒಂದು ಮೇಜು ಹಾಕಿ ಬಿಪಿ ನೋಡಿ, ಆಗಸ್ಟ್‌ನಲ್ಲಿ ಬೋಟ್ ಇಳಿಯುವ ಮೊದಲು ಎರಡು ತಿಂಗಳ ಮಾತ್ರೆ ಕೈಗೆ ಕೊಡಲು ಸಾಧ್ಯವೇ? ಸ್ಟ್ರಿಪ್ ಒದ್ದೆ ಆಗದ ಹಾಗೆ ಡಬ್ಬಿ ನಾನು ಕೊಡುತ್ತೇನೆ.

ಇತಿ,
ಮೆಡಿಕಲ್ ಅಂಗಡಿಯವ, ಕಟಪಾಡಿ, ಉಡುಪಿ ಜಿಲ್ಲೆ